ಕಾರಿನ ಪಾಳಿಯಲ್ಲಿ ಅಕ್ಕ

ಇಳಕಲ್ ಸೀರೆಯ ಅಂಚಿನ ಕೆಳಗೆ ಬಿಳಿ ಓಟದ ಬೂಟು, ತಲೆಯ ಮೇಲೆ ಮಗನ ಹಳೆಯ ಟೋಪಿ. ಫ್ರೀಮಾಂಟಿನ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಗೇಟಿನೆದುರು ಮಡಿಸುವ ಕುರ್ಚಿ ಹಾಕಿಕೊಂಡು ಎದುರು ಮನೆಯ ಅಕ್ಕ ಕೂತಿದ್ದರು. ಪಕ್ಕದಲ್ಲಿ ನಾನು, ನನ್ನ ಹೆಂಡತಿ, ಅವಳ ದುಪಟ್ಟಾ ಬಿಗಿಯಾಗಿ ಹಿಡಿದ ನಾಲ್ಕು ವರ್ಷದ ಮಗಳು. ಶಾಲೆ ಬಿಡುವ ಹೊತ್ತು. ಅಕ್ಕನ ಅಪ್ಪಣೆಯಂತೆ ನಾವಿಬ್ಬರೂ ಅರ್ಧ ದಿನ ರಜೆ ಹಾಕಿ ಬಂದಿದ್ದೆವು.

"ಸಾಲಿ ಬಿಟ್ಟಾಗ ನೋಡಬೇಕ್ ತಮ್ಮಾ. ಇಂಟರ್ನೆಟ್ಟಿನ್ಯಾಗ ರೇಟಿಂಗ್ ನೋಡಿದ್ರ ಏನ್ ತಿಳೀತದ? ಹುಡುಗ್ರು ಹೆಂಗ ಹೊರಗ ಬರ್ತಾವ, ಅದನ್ನ ನೋಡು."

ಧಾರವಾಡ ಬಿಟ್ಟು ಈ ದೇಶಕ್ಕೆ ಬಂದು ಎಷ್ಟು ಕಾಲವಾಗಿದ್ದರೂ ಅವರ ಬಾಯಲ್ಲಿ ಶಾಲೆ ಸಾಲಿಯಾಗಿಯೇ ಉಳಿದಿತ್ತು. ಅವರ ಇಬ್ಬರು ಗಂಡುಮಕ್ಕಳೂ ಇದೇ ಶಾಲೆಯಲ್ಲಿ ಓದಿ ದೊಡ್ಡವರಾದವರು. ಬಡಾವಣೆಗೆ ಹೊಸ ಸಂಸಾರ ಬಂದರೆ ಅಕ್ಕ ಮೊದಲು ಶೇಂಗಾ ಚಟ್ನಿಪುಡಿ ಕೊಡುತ್ತಿದ್ದರು, ಹಿಂದೆಯೇ ಶಾಲೆಯ ಮಾತು ತೆಗೆಯುತ್ತಿದ್ದರು. ಚಾರ್ಟರ್ ಶಾಲೆ ಎಂದರೆ ಅವರಿಗೆ ಆಗದು. ಅದೂ ಸರ್ಕಾರದ ದುಡ್ಡಿನಲ್ಲೇ ನಡೆಯುವುದು, ಫೀಸಿಲ್ಲ; ಅಲ್ಲಿಗೆ ಹೋದಷ್ಟು ಮಕ್ಕಳ ದುಡ್ಡು ಬಡಾವಣೆಯ ಶಾಲೆಗೆ ಕಡಿಮೆ. ಆದರೆ ಆಡಳಿತ ಬೇರೆ, ಸೀಟು ಲಾಟರಿಯಲ್ಲಿ. ಬಸ್ಸಿಲ್ಲದ್ದರಿಂದ ಮಕ್ಕಳನ್ನು ಕಾರಿನಲ್ಲೇ ಕರೆತರಬೇಕು.

"ಮನಿ ಮುಂದ ಸಾಲಿ ಇಟ್ಕೊಂಡು ಊರಾಚೆ ಹೋಗಿ ಕಾರಿನ ಪಾಳಿ ಹಚ್ಚತಾವ, ಶಾಣ್ಯಾ ಮಂದಿ!" ಎಂದು ಛೇಡಿಸುತ್ತಿದ್ದರು.

ನಮ್ಮ ಚಿಂತೆ ರೇಟಿಂಗಿನದಲ್ಲ, ಮಗಳದು. ಮನೆಯೊಳಗೆ ಅವಳ ಬಾಯಿಗೆ ಬಿಡುವಿಲ್ಲ. ಹೊಸ್ತಿಲು ದಾಟಿದರೆ ಒಂದು ಮಾತಿಲ್ಲ. ಡೇಕೇರಿನ ಟೀಚರು ಅವಳ ದನಿಯನ್ನೇ ಕೇಳಿರಲಿಲ್ಲ. ದೊಡ್ಡ ಶಾಲೆಯಲ್ಲಿ ಹೀಗೇ ಉಳಿದುಬಿಟ್ಟರೆ?

ಗಂಟೆಯಾಯಿತು. ತೂಬು ತೆಗೆದ ಕೆರೆಯ ಹಾಗೆ ಮಕ್ಕಳು ನುಗ್ಗಿ ಬಂದರು. ಒಳ್ಳೆಯ ಗದ್ದಲ, ನಗು, ಓಟ. ಮಗಳು ಎರಡೂ ಕಿವಿ ಮುಚ್ಚಿಕೊಂಡು ಅಮ್ಮನ ಹಿಂದೆ ಸರಿದಳು. ಅಕ್ಕ ಗೇಟನ್ನು ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದರು. ಕುರ್ಚಿ ಮಡಿಸಿ, "ನಾಳೆ ಆ ಚಾರ್ಟರ್ ಸಾಲಿಗೂ ಹೋಗಿ ಬರೂಣು," ಎಂದರು.

ಚಾರ್ಟರ್ ಶಾಲೆ ಚಿಕ್ಕದು. ಕಾರುಗಳ ಸಾಲು, ಅಕ್ಕನ ಬಾಯಲ್ಲಿ ಪಾಳಿ, ಬೀದಿಯ ತಿರುವಿನವರೆಗೆ. ಒಬ್ಬ ಟೀಚರು ಪ್ರತಿ ಕಾರಿನ ಬಳಿಯೂ ಬಗ್ಗಿ, ಮಗುವಿನ ಹೆಸರು ಹಿಡಿದು ಬೈ ಹೇಳುತ್ತಿದ್ದರು. ನಮ್ಮ ಮಗಳು ಯಾರೆಂದು ತಿಳಿಯದಿದ್ದರೂ ಅವಳಿಗೂ ಕೈ ಬೀಸಿದರು. ಮಗಳ ಕೈ ಸೊಂಟದವರೆಗೆ ಎದ್ದಿತು.

ಹಿಂದಿರುಗುವಾಗ ಅಕ್ಕ ಫ್ರೀವೇ ಮುಗಿಯುವ ತನಕ ಮಗಳ ಆ ಕೈಯನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ನನ್ನ ಭಾಷಣ ಎಲ್ಲಾ ಬಿಡ್ರಿ. ಈ ಕೂಸಿಗೆ ಇದೇ ಸಾಲಿ," ಎಂದರು.

"ಅಯ್ಯೋ ಅಕ್ಕಾ, ನೀವೇ ಅಲ್ವಾ ಅಷ್ಟು ಬೈತಿದ್ದಿದ್ದು!" ನನ್ನ ಹೆಂಡತಿ ನಕ್ಕಳು.

"ಬೈದೀನಿ, ಮುಂದೂ ಬೈತೀನಿ. ಅದು ಬ್ಯಾರೆ."

ಅರ್ಜಿ ಹಾಕುವ ದಿನ ಮೈಸೂರಿನಿಂದ ಅತ್ತೆಯವರ ಫೋನು: ರಾಹುಕಾಲದಲ್ಲಿ ಕಳಿಸಬೇಡಿ. ಇಲ್ಲಿಯ ರಾಹುಕಾಲವೋ ಅಲ್ಲಿಯದೋ ಎಂದು ತಿಳಿಯದೆ ಎರಡನ್ನೂ ಕಳೆದು ಕಳಿಸಿದೆವು. "ಲಾಟರಿ ಎತ್ತೋ ಕಂಪ್ಯೂಟರಿಗೆ ಯಾವ ಪಂಚಾಂಗ ಕೊಟ್ಟಾರೋ ಏನೋ!" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಬಂದದ್ದು ವೇಟಿಂಗ್ ಲಿಸ್ಟಿನಲ್ಲಿ. ಶಾಲೆ ಶುರುವಾಗುವ ಮುಂಚಿನ ವಾರ ಸೀಟು ಸಿಕ್ಕಿತು.

ಸಿಕ್ಕ ಮೇಲೆ ಬೇರೆ ಫಜೀತಿ. ನಮ್ಮಿಬ್ಬರ ಆಫೀಸೂ ಕೊಲ್ಲಿಯ ಆಚೆ ದಡದಲ್ಲಿ. ಮಧ್ಯಾಹ್ನ ಶಾಲೆ ಬಿಟ್ಟಾಗ ಕರೆತರುವವರಿಲ್ಲ. ಸೀಟು ಬಿಟ್ಟುಕೊಡುವುದೆಂದು ಮಾತಾಡಿಕೊಳ್ಳುತ್ತಿದ್ದಾಗ ಅಕ್ಕ ಕಾರಿನ ಕೀ ಆಡಿಸುತ್ತ ಒಳಗೆ ಬಂದರು.

"ನಾ ಕರ್ಕೊಂಡ್ ಬರ್ತೀನಿ."

"ದಿನಾ ನಿಮಗ್ಯಾಕಕ್ಕಾ ತೊಂದರೆ?"

"ಪಾಳ್ಯಾಗ ಕುಂತ್ರ ಆರಾಮ ಬೈಲಿಕ್ಕೆ ಬರ್ತದಲ್ಲೋ ತಮ್ಮಾ."

ಹಾಗೆ, ಯಾವ ಪಾಳಿಯನ್ನು ಅಕ್ಕ ಊರ ತುಂಬ ಛೇಡಿಸುತ್ತಿದ್ದರೋ ಅದರಲ್ಲೇ ದಿನವೂ ಕೂತರು. ಕಿಟಕಿ ಇಳಿಸಿ ಹಿಂದುಮುಂದಿನ ಕಾರಿನವರನ್ನೆಲ್ಲ ಪರಿಚಯ ಮಾಡಿಕೊಂಡರು. ಶಾಲಾ ಮಂಡಳಿಯ ಮೀಟಿಂಗಿನಲ್ಲಿ ಮಾತ್ರ ಎಂದಿನಂತೆ ನಮ್ಮ ಬಡಾವಣೆಯ ಶಾಲೆಯ ಪರವಾಗಿ ಎದ್ದು ನಿಂತು ಜಗಳವಾಡುತ್ತಿದ್ದರು.

ಒಂದು ಸಂಜೆ ಮಗಳನ್ನು ಒಳಗೆ ಕಳಿಸಿ, ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: "ಇವತ್ತ ಟೀಚರಿಗೆ ಬೈ ಅಂದ್ಲು. ಭಾಳ ಸಣ್ಣಗ. ನಾ ಏನೂ ಕೇಳದವರಂಗ ಕಾರ್ ಹೊಡದೆ. ನೀವೂ ಕೇಳಬ್ಯಾಡ್ರಿ."

ನಾವು ಕೇಳಲಿಲ್ಲ.

ಮಗಳು ಮೂರನೆಯ ತರಗತಿಯಲ್ಲಿದ್ದಾಗ, ಕಳೆದ ಚಳಿಗಾಲದಲ್ಲಿ, ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಮುಂದಿನ ಸೋಮವಾರ ನಾನು ಕಾರಿನ ಪಾಳಿಗೆ ಹೋದೆ. ಮಗಳು ಬಂದು ಹಿಂದೆ ಕೂತಳು. ಟೀಚರು ಕಿಟಕಿಗೆ ಬಗ್ಗಿ, ದಿನಾ ಸೀರೆಯುಟ್ಟು ಬರುವವರು ಇವತ್ತೆಲ್ಲಿ ಎಂದು ನನ್ನನ್ನು ಕೇಳಿದರು. ನಾನು ಕನ್ನಡಿಯಲ್ಲಿ ಮಗಳನ್ನು ನೋಡಿದೆ. ಹಿಂದಿನ ಸೀಟಿನಿಂದ ಮಗಳು ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ, ನಮ್ಮ ಅಕ್ಕ ಶುಕ್ರವಾರ ತೀರಿಕೊಂಡರು ಎಂದು ಹೇಳಿದಳು. ಆಮೇಲೆ ಟೀಚರಿಗೆ ಬೈ ಹೇಳಿದಳು. ಮುಂದಿನ ಕಾರು ಸರಿಯಿತು, ನಾನೂ ಹೊರಟೆ.