ಅಳಿಸಿಹೋದ ತಗಡಿನ ಟೇಪು

1996ರಲ್ಲಿ ನಾನು ಶಿಕಾರಿಪುರದಲ್ಲಿ ಒಂದು ಸಣ್ಣ ಧ್ವನಿಮುದ್ರಣ ಸ್ಟುಡಿಯೊ ನಡೆಸುತ್ತಿದ್ದೆ. ಅದಕ್ಕೆ ಮೊದಲು ಹದಿನೈದು ವರ್ಷ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ. ಅಲ್ಲಿಯ ಶಿಸ್ತನ್ನೇ ಇಲ್ಲಿಗೂ ತಂದಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಬೇಕು, ಚಪ್ಪಲಿ ಹೊರಗಿರಬೇಕು, ಶನಿವಾರ ಸಂಜೆ ಆ ವಾರದ ಪರೀಕ್ಷಾ ಟೇಪುಗಳೆಲ್ಲ ಅಳಿಸಿರಬೇಕು. ಬರುತ್ತಿದ್ದವರು ಹೆಚ್ಚಾಗಿ ಭಜನಾ ಮಂಡಳಿಯವರು.

ಆ ವರ್ಷ ಜೂನಿನಲ್ಲಿ ಹಾಲೇಶ ಬಂದ. ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟ್. ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ. ಲಾರಿ ಡ್ರೈವರೊಬ್ಬ ಮುಂಬಯಿಯಿಂದ ತಂದಿದ್ದ ಇಂಗ್ಲಿಷ್ ರ‍್ಯಾಪ್ ಕ್ಯಾಸೆಟ್ ಕೇಳಿದ್ದನಂತೆ.

"ಒಂದಕ್ಷರ ತಿಳೀಲಿಲ್ಲ ಸಾರ್. ಆದ್ರೆ ಇದು ದಿನಾ ನಾನ್ ಮಾಡೋ ಕೆಲ್ಸಾನೇ ಅಲ್ವೇನ್ರಿ ಅನಿಸ್ತು."

ಎಂಟು ಹಾಡು ಕಟ್ಟಿದ್ದ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು, ಆನವಟ್ಟಿ ಸಂತೆಗೆ ಕೋಳಿ ಹಿಡಿದು ಹತ್ತುವ ಅಜ್ಜಿ, ಚಂದ್ರಗುತ್ತಿಯ ಬಸ್ಸು ತಪ್ಪಿಸಿಕೊಂಡ ಮದುಮಗ, ಎಲ್ಲರೂ ಅದರಲ್ಲಿದ್ದರು. ಕ್ಯಾಸೆಟ್ ಕಂಪನಿಗಳು ನಕ್ಕು ಕಳಿಸಿದ್ದರಿಂದ ತಾನೇ ಹೊರತರಲು ನಿಶ್ಚಯಿಸಿದ್ದ. "ನನ್ ಮಾತು ಬಸ್ ಹೊರಡೋ ತನಕ ಅಷ್ಟೇ ಸಾರ್. ಕ್ಯಾಸೆಟ್ಟಿನಾಗೆ ಇದ್ರೆ ಉಳೀತದೆ."

ಅವನ ಕಂಕುಳಲ್ಲಿ ಹಳೇ ಬಸ್ಸಿನ ಪಕ್ಕದ ತಗಡೊಂದಿತ್ತು. ನಮ್ಮ ಕಡೆಯ ಬಸ್ಸುಗಳಲ್ಲಿ ತಗಡಿಗೆ ಎರಡು ಸಲ ಬಡಿದರೆ ಹೊರಡು, ಒಂದು ಸಲ ಬಡಿದರೆ ನಿಲ್ಲು ಎಂದರ್ಥ.

"ಇದೇನಪ್ಪ, ಗುಜರಿ ಅಂಗಡಿ ಅಂದ್ಕೊಂಡ್ಯಾ?"

"ನನ್ ತಬಲಾ ಸಾರ್."

ಮೊದಲು ಲೆವೆಲ್ ಟೇಕ್, ಅಂದರೆ ಧ್ವನಿಯ ಮಟ್ಟ ನೋಡಿಕೊಳ್ಳುವ ಪರೀಕ್ಷಾ ಮುದ್ರಣ. ಎಡಗೈಯಲ್ಲಿ ತಗಡು ಬಡಿಯುತ್ತ ಅವನು ಹತ್ತು ನಿಮಿಷ ಹಾಡಿದ. ಮಾತು ಒಮ್ಮೆ ಏಟಿಗಿಂತ ಮುಂದೆ ಓಡುತ್ತಿತ್ತು, ಒಮ್ಮೆ ಓಡಿಬಂದು ನೇತಾಡಿ ಹತ್ತಿಕೊಳ್ಳುತ್ತಿತ್ತು. ಗುಂಡಿ ತಿರುಗಿಸಬೇಕಾದ ನನ್ನ ಕೈ ಸುಮ್ಮನಾಗಿತ್ತು. ಆದರೂ ಮುಗಿದ ಕೂಡಲೇ ಹೇಳಿದೆ: "ತಗಡು ಮಾತನ್ನ ನುಂಗ್ತದೆ. ಹೊರಗಿಡು."

ಅದರ ಬದಲು ರಿದಂ ಬಾಕ್ಸ್ ಹಾಕಿದೆ. ತಪ್ಪದೆ ತಾಳ ಹಾಕುವ ಯಂತ್ರ. ಮೂರು ವಾರ ಅಭ್ಯಾಸ ಮಾಡಿಸಿದೆ.

"ತಾಳಕ್ಕಿಂತ ಮುಂಚೆ ಬಂದೆ ನೀನು. ಮತ್ತೊಮ್ಮೆ," ಎನ್ನುತ್ತಿದ್ದೆ.

"ಬಸ್ಸೇ ಟೈಮಿಗೆ ಬರಲ್ಲ, ನಂಗ್ಯಾಕ್ ಸಾರ್ ಈ ಶಿಕ್ಷೆ?" ಎಂದು ನಗುತ್ತಿದ್ದ. ನಾಲ್ಕನೆಯ ವಾರ ಕ್ಯಾಸೆಟ್ಟಿಗೆ ಮುದ್ರಿಸಿದಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ. ನನಗೆ ಹೆಮ್ಮೆ.

ಇನ್ನೂರು ಪ್ರತಿ ಮಾಡಿದೆವು. ಸೊರಬದ ಉಪನ್ಯಾಸಕಿಯೊಬ್ಬರು ವಾರಪತ್ರಿಕೆಯಲ್ಲಿ ವಿಮರ್ಶೆ ಬರೆದರು. ದಾರಿ ಹೊಸದು, ಮಾತು ಚುರುಕು ಎಂದು ಮೆಚ್ಚಿ ಕೊನೆಗೆ ಹೀಗೆಂದಿದ್ದರು: "ಇವರನ್ನು ನಿಲ್ದಾಣದಲ್ಲಿ ಕೇಳಿದ್ದೇನೆ. ಆ ಮನುಷ್ಯ ಈ ಕ್ಯಾಸೆಟ್ಟಿನಲ್ಲಿಲ್ಲ. ಯಾರೋ ಪಾಠ ಒಪ್ಪಿಸುತ್ತಿದ್ದಾರೆ."

ಹಾಲೇಶ ಪತ್ರಿಕೆ ಹಿಡಿದು ಬಂದ. ಸಿಟ್ಟಿರಲಿಲ್ಲ. "ಮೇಡಮ್ಮೋರು ಸರಿಯಾಗೇ ಬರ್ದಾರೆ. ಮೊದಲ್ನೇ ದಿನದ ತಗಡಿನ ಟೇಪ್ ಐತಲ್ಲ ಸಾರ್, ಅದನ್ನೇ ಹಾಕನ."

ಅದನ್ನು ಆ ಶನಿವಾರವೇ ಅಳಿಸಿದ್ದೆ. ಹೇಳಿದೆ.

ಅವನು ಪತ್ರಿಕೆ ಮಡಚಿ ಜೇಬಿಗಿಟ್ಟ. "ಹೋಗ್ಲಿ ಬಿಡ್ರಿ. ತಗಡೈತೆ, ಕೈ ಐತೆ."

ಮೂರು ಬೆಳಿಗ್ಗೆ ಪ್ರಯತ್ನಿಸಿದೆವು. ಅದೇ ತಗಡು, ಅದೇ ಹಾಡು. ಆದರೆ ಏಟು ಈಗ ಯಂತ್ರ ಹಾಕುವ ಜಾಗದಲ್ಲೇ ಬೀಳುತ್ತಿತ್ತು. ಮೂರನೆಯ ದಿನ ಅವನೇ ನಿಲ್ಲಿಸಿದ. "ಸಾರ್, ಕೈ ಎಣಿಸಕ್ಕೆ ಹತ್ತೈತೆ."

ತಗಡನ್ನು ನನ್ನಲ್ಲೇ ಬಿಟ್ಟು ಹೋದ. ಮತ್ತೆ ಕ್ಯಾಸೆಟ್ ಮಾಡಲಿಲ್ಲ. ಮುಂದೆ ಸೊರಬದ ನಿಲ್ದಾಣಕ್ಕೆ ಕೆಲಸ ಬದಲಿಸಿದನೆಂದು ಕೇಳಿದೆ. ಅವನ ಕೂಗು ಮೊದಲಿನಂತಾಯಿತೇ ಎಂದು ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಸ್ಟುಡಿಯೊ ಮುಚ್ಚುವವರೆಗೆ ಒಂದೂ ಲೆವೆಲ್ ಟೇಕ್ ಅಳಿಸಲಿಲ್ಲ. ಎದುರಿಗಿರುವವನನ್ನು ಪೂರ್ತಿ ಕೇಳಿಸಿಕೊಂಡ ಮೇಲೆಯೇ ತಿದ್ದಲು ಹೊರಡಬೇಕೆಂದು ಈ ಕೆಲಸ ಕಲಿಸಿತು. ಕಪಾಟಿನ ತುಂಬ ಯಾರ್ಯಾರದೋ ಮೊದಲ ಹತ್ತು ನಿಮಿಷಗಳಿವೆ. ನನಗೆ ಬೇಕಾದ ಹತ್ತು ನಿಮಿಷ ಮಾತ್ರ ಇಲ್ಲ.

ತಗಡು ಈಗಲೂ ಕೋಣೆಯಲ್ಲಿದೆ. ಶನಿವಾರ ಸಂಜೆ ಧೂಳು ಒರೆಸುವಾಗ ಅದಕ್ಕೆ ಬಡಿಯುತ್ತೇನೆ, ಒಂದೇ ಸಲ.