ನೆರಳಲ್ಲಿ ಒಣಗಿಸಿದ ಚರ್ಮ

ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ನಮ್ಮ ಕನ್ನಡದವರ ಮನೆಗಳಲ್ಲಿ ನನ್ನ ಕೆಲಸದ ಮಾತು ಬಂದರೆ ಸಾಕು, ಉಳಿದ ಹೆಂಗಸರು ಮೂಗು ಮುಚ್ಚಿಕೊಳ್ಳೋರು. ಮುಚ್ಚಿಕೊಳ್ಳಲಿ. ನಗರದ ಹೊರಗಿದ್ದ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ಮೇಕೆ ಚರ್ಮ ನೋಡಿ ದರ್ಜೆ ಹಾಕೋದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸೋರಿಲ್ಲ ಅನ್ನೋ ಜಂಬವೂ ಇತ್ತು.

ವರ್ಷಕ್ಕೊಮ್ಮೆ, ದೊಡ್ಡ ಮಳೆ ಹಿಡಿಯೋ ಮೊದಲು, ಉತ್ತರದ ಒಣನಾಡಿನಿಂದ ಚರ್ಮ ಕೂಡಿಸುವವರೆಲ್ಲ ಲಾರಿ ಹತ್ತಿ ನಮ್ಮ ಅಂಗಳಕ್ಕೆ ಬರೋರು. ಎರಡು ದಿನ ಸಂತೆಯೋ ಸಂತೆ. ದಲ್ಲಾಳಿಗಳ ಗಲಾಟೆ, ಹಂಡೆಗಟ್ಟಲೆ ಹಾಲಿನ ಚಹಾ, ಯಾರ ಮಗಳಿಗೆ ಮದುವೆಯಾಯಿತು, ಯಾರ ಹಿಂಡು ಸತ್ತಿತು, ಎಲ್ಲ ಸುದ್ದಿಯೂ ಅಲ್ಲೇ. ಮೊದಲ ದಿನ ಪ್ರತಿಯೊಬ್ಬರ ಕಟ್ಟಿನಿಂದ ಒಂದೊಂದು ಚರ್ಮ ತೆಗೆದು ತೊಟ್ಟಿಯಲ್ಲಿ ನೆನೆಹಾಕ್ತಿದ್ದೆವು. ಬಿಸಿಲಲ್ಲಿ ನೆಲದ ಮೇಲೆ ಒಣಗಿಸಿದ ಚರ್ಮ ನೋಡೋಕೇನೋ ಚೆನ್ನಾಗಿರುತ್ತೆ, ಒಳಗೆ ಬೆಂದುಹೋಗಿರುತ್ತೆ. ಮಾರನೆಯ ಬೆಳಿಗ್ಗೆ ಎತ್ತಿದರೆ ನೆನೆದ ಹಪ್ಪಳದ ಹಾಗೆ ಕೈಯಲ್ಲೇ ಹರಿಯುತ್ತೆ.

ತನ್ನೂರಿನ ಹತ್ತು ಮನೆಯ ವಿಧವೆಯರ ಪರವಾಗಿ ಒಬ್ಬ ಹಿರಿಯ ಹೆಂಗಸು ಬರೋಳು. ಹಿಂದಿನ ವರ್ಷ ಆಕೆ ತಂದದ್ದು ಹಾಗೇ ಹರಿದಿತ್ತು. ನೆರಳಲ್ಲಿ ತೂಗುಹಾಕಿ ಒಣಗಿಸೋಕೆ ಏನು ಕಷ್ಟ ಅಂತ ನನ್ನ ಹರಕುಮುರುಕು ಸ್ವಾಹಿಲಿಯಲ್ಲಿ, ಎಲ್ಲರೆದುರಿಗೇ, ಬೈದಿದ್ದೆ. ಆಕೆ ಹರಿದ ಚರ್ಮ ಮಡಚಿಕೊಂಡು ಹೋಗಿದ್ದಳು. ಈ ಸಲವೂ ಹಾಗೇ ಆದರೆ ಆ ಹೆಂಗಸರ ಮಾಲು ಇನ್ನು ಬೇಡವೇ ಬೇಡ ಅಂತ ಯಜಮಾನರು ಹೇಳಿಬಿಟ್ಟಿದ್ದರು. ಆ ಮನೆಗಳಿಗೆ ಬೇರೆ ಸಂಪಾದನೆ ಇರಲಿಲ್ಲ.

ಈ ಸಲ ಕಟ್ಟು ಬಿಚ್ಚಿದರೆ ಚರ್ಮಕ್ಕೆಲ್ಲ ಮಸಿ. ದಲ್ಲಾಳಿಗಳು ನಕ್ಕರು. ಸುಳ್ಳು ಯಾಕೆ, ನಾನೂ ಮುಖ ಸಿಂಡರಿಸಿದೆ. ಆಕೆ ಕಟ್ಟಿನ ತೀರಾ ಅಡಿಯದನ್ನೇ ಎಳೆದು ನನ್ನ ಕೈಗೆ ಕೊಟ್ಟಳು.

ಬೆಳಿಗ್ಗೆ ತೊಟ್ಟಿಯಿಂದ ಎತ್ತಿದೆ. ಎರಡೂ ಕೈಲಿ ಜಗ್ಗಿದೆ, ಮೊಣಕಾಲಿಗೆ ಕೊಟ್ಟು ಜಗ್ಗಿದೆ. ಊಹೂಂ, ಎಲ್ಲೂ ಬಿಡಲಿಲ್ಲ. ಮಸಿ ತೊಳೆದುಹೋಗಿತ್ತು. ಮೊದಲ ದರ್ಜೆ ಅಂತ ಅಂಗಳಕ್ಕೆಲ್ಲ ಕೇಳೋ ಹಾಗೆ ಹೇಳಿ, ಆಕೆಗೆ ಚಹಾ ಹಿಡಿದುಕೊಂಡು ಹೋದೆ. ಇಷ್ಟು ಮಸಿ ಎಲ್ಲಿಂದ ಬಂತಮ್ಮ ಅಂತ ಕೇಳಿದೆ.

"ನೆರಳು ಅಂದೆಯಲ್ಲ ಮಗಳೇ. ನಮ್ಮಲ್ಲಿ ಮರ ಇಲ್ಲ. ನೆರಳು ಅಂತ ಇರೋದು ಗುಡಿಸಲೊಳಗೆ ಮಾತ್ರ, ಒಲೆಯೂ ಅಲ್ಲೇ. ಚರ್ಮ ಒಳಗೆ ತೂಗುಹಾಕಿ, ಮಕ್ಕಳನ್ನ ಕಟ್ಟಿಕೊಂಡು ನಾವು ವರ್ಷವಿಡೀ ಹೊರಗೆ ಮಲಗಿದೆವು."

ದೂರು ಹೇಳಿದ್ದಲ್ಲ ಆಕೆ, ಕೇಳಿದ್ದಕ್ಕೆ ಉತ್ತರ ಅಷ್ಟೆ. ನಾಚಿಕೆಯಿಂದ ನನಗೆ ತಲೆ ಎತ್ತೋಕಾಗಲಿಲ್ಲ. ನಾನು ಬಾಯಿಗೆ ಬಂದದ್ದನ್ನ ಅಂದುಬಿಟ್ಟು ಮರೆತಿದ್ದೆ. ಅದನ್ನೇ ನಂಬಿ ಹತ್ತು ಮನೆಯವರು ಬಯಲಿಗೆ ಬಿದ್ದಿದ್ದರು. ನೆಟ್ಟಗೆ ಯಜಮಾನರ ಕೋಣೆಗೆ ನುಗ್ಗಿ, ಚರ್ಮ ಒಣಗಿಸೋ ಚಪ್ಪರಕ್ಕೆ ಅಂತ ಆಕೆಯೂರಿಗೆ ಹೋಗೋ ಲಾರಿಗೆ ಕಂಬ, ತಗಡು ಹೇರಿಸದಿದ್ದರೆ ನಾಳೆಯಿಂದ ದರ್ಜೆ ನೀವೇ ಹಾಕಿಕೊಳ್ಳಿ ಅಂದೆ. ಸುಲಭಕ್ಕೆ ಬಗ್ಗೋ ಮನುಷ್ಯನಲ್ಲ. ಆದರೂ ಮಧ್ಯಾಹ್ನದೊಳಗೆ ಒಂದು ದೊಡ್ಡ ಚಪ್ಪರಕ್ಕಾಗುವಷ್ಟು ತಗಡು ಬಂತು. ಆಕೆ ಅದರ ಮೇಲೆಯೇ ಕೂತು ಹೊರಟಳು, ಊರಿಗೆ ಹೋಗಿ ತನ್ನ ಮನೆಯೊಳಗೆ ಮಲಗೋಕೆ.