ಸಂಬಳ ಕೇಳಲು ಕಲಿಸಿದ ಕಾಕಾ

ಕಾಕಾರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಸಿಕಂದರಾಬಾದಿನ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಥಾನುಗಟ್ಟಲೆ ಬಟ್ಟೆ ಹೊತ್ತ ಭುಜ ಅದು. ಯಾರ ಎದುರು ನಿಂತರೂ ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿಕೊಳ್ಳುತ್ತಿದ್ದರು; ಹಾಲಿನವನೂ ಅವರಿಗೆ ಸಾವಕಾರನೇ. ಕಾಚಿಗೂಡದಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ಮನೆ. ನನ್ನದು ರಾಯಚೂರು, ಅವರದು ಬೀದರ್ ಕಡೆ. ಕನ್ನಡದವರು ಎಂಬ ಒಂದೇ ಕಾರಣಕ್ಕೆ ನನಗೆ ಕಾಕಾ ಆದರು.

ಬಾಯಿಬಿಟ್ಟು ಕೇಳುವುದೆಂದರೆ ಅವರಿಗೆ ಸಂಕಟ. "ಕೊಡೋರ ಮುಂದ ಇಷ್ಟ ಬೇಕು ಅನ್ನೂದು ಮನಿತನಸ್ಥರ ಲಕ್ಷಣ ಅಲ್ಲ" ಎಂದು ಅವರಪ್ಪ ಕಲಿಸಿದ್ದರಂತೆ. ಒಮ್ಮೆ ಬೇರೆ ಅಂಗಡಿಯ ಸಾವಕಾರ ತಾನಾಗಿಯೇ ಕರೆದು, ಎಷ್ಟು ಬೇಕು ಎಂದು ಕೇಳಿದ. ಇವರು "ತಾವು ತಿಳದು ಕೊಡ್ರಿ" ಎಂದು ಕೈಮುಗಿದರು. ಆತ ಇವರೆದುರೇ ಹಳೆಯ ಸಾವಕಾರನಿಗೆ ಫೋನು ಹಚ್ಚಿ, ಈಗೆಷ್ಟು ಕೊಡುತ್ತಿದ್ದೀರಿ ಎಂದು ವಿಚಾರಿಸಿ, ತಾನೂ ಅಷ್ಟೇ ಕೊಡುತ್ತೇನೆ ಎಂದ. ಕಾಕಾ ತಲೆ ತಗ್ಗಿಸಿಕೊಂಡು ಹಳೆಯ ಅಂಗಡಿಗೇ ಮರಳಿದರು. ಮುಂದೆ ಹೆಂಡತಿ ಕಾಯಿಲೆ ಬಿದ್ದಾಗ ಸಂಬಳ ಹೆಚ್ಚಿಸಿ ಎನ್ನಲು ಮೂರು ಸಲ ಸಾವಕಾರನ ಮುಂದೆ ಹೋಗಿ ನಿಂತು, ಮೂರು ಸಲವೂ ಅವನ ಖಾಲಿ ಚಹಾ ಕಪ್ಪು ಎತ್ತಿಕೊಂಡು ಬಂದರಂತೆ. ಹೆಂಡತಿ ಉಳಿಯಲಿಲ್ಲ.

ನನಗೆ ಹೊಸ ಕೆಲಸದ ಕರೆ ಬಂದಾಗ ಊರಲ್ಲಿ ಅಮ್ಮನಿಗೆ ಡಯಾಲಿಸಿಸ್ ಶುರುವಾಗಿತ್ತು. ಅವಳನ್ನು ಇಲ್ಲಿಗೆ ಕರೆತಂದು ನೋಡಿಕೊಳ್ಳಬೇಕೆಂದರೆ ನನ್ನ ಸಂಬಳ ಒಂದೂವರೆ ಪಟ್ಟಾದರೂ ಆಗಬೇಕಿತ್ತು.

"ಅವ್ರು ಎಷ್ಟ ಕೊಡ್ತಾರೋ ಅಷ್ಟ ತಗೋತೀನ್ರಿ ಕಾಕಾ" ಎಂದೆ.

ಅವರಿಗೆ ಅಂಥ ಸಿಟ್ಟು ಬಂದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ಹಂಗ ಅಂದು ನಾ ಹಾಳಾಗೀನಿ. ನೀ ಅನಬ್ಯಾಡ. ಕುಂದ್ರು. ಈಗ ನಾ ಸಾವಕಾರ. ಕೇಳು ನನ್ನ."

ಒಂದು ವಾರ ದಿನಾ ಸಂಜೆ ತಾಲೀಮು ನಡೆಯಿತು. ಮಂಚದ ಮೇಲೆ ಕೂತರೆ ಕಾಕಾರ ದನಿಯೇ ಬೇರೆಯಾಗುತ್ತಿತ್ತು. "ನಿನ್ನಂಥಾವ್ರು ಹೊರಗ ಹತ್ತ ಮಂದಿ ನಿಂತಾರ." "ನಿಮ್ಮವ್ವಗ ಆರಾಮಿಲ್ಲಂದ್ರ ನಾ ಏನ್ ಮಾಡ್ಲಿ?" ಸಂಬಳ ಕೇಳಲು ಹೋದ ಉಳಿದ ನೌಕರರಿಗೆ ಅವರ ಸಾವಕಾರ ಹೇಳುತ್ತಿದ್ದ ಮಾತುಗಳೇ ಇವು. ಮೂವತ್ತು ವರ್ಷ ಮೂಲೆಯಲ್ಲಿ ನಿಂತು ಕೇಳಿದ್ದರು, ಒಂದಕ್ಷರವನ್ನೂ ಮರೆತಿರಲಿಲ್ಲ. ನನಗೆ ಅಳು ಬಂದರೆ, "ಅಳೂದಿದ್ರ ಇಲ್ಲೇ ಅತ್ತು ಹೋಗವ್ವ. ಅಲ್ಲಿ ಇಷ್ಟ ಬೇಕಂತ ಹೇಳು, ಹೇಳಿ ಸುಮ್ಮನ ಕುಂದ್ರು" ಎನ್ನುತ್ತಿದ್ದರು.

ಸಂದರ್ಶನದ ಹಿಂದಿನ ದಿನ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮರುದಿನ ಹಿಮಾಯತ್‌ನಗರದ ಆ ಕಚೇರಿಯಲ್ಲಿ ನಾನು ಇಷ್ಟು ಬೇಕೆಂದು ಹೇಳಿ ಸುಮ್ಮನೆ ಕೂತೆ. ಎದುರಿಗಿದ್ದ ಹೆಂಗಸು ಸರಿ ಎಂದು ಬರೆದುಕೊಂಡಳು. ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಓಡಿದೆ.

"ಕೇಳಿದೇನವ್ವ?"

"ಕೇಳಿದೆರಿ ಕಾಕಾ. ಕೇಳಿದಷ್ಟೂ ಕೊಡ್ತಾರಂತ."

"ಭಾಳ ಜಗ್ಗಾಡಿದ್ರೇನು?"

"ಇಲ್ರಿ. ಒಂದ ಮಾತಿಗೆ ಹೂಂ ಅಂದ್ರು."

ಅವರ ಮುಖ ಅರಳುತ್ತದೆಂದು ಕಾದೆ. ಅವರು ಗೋಡೆಯ ಕಡೆ ಹೊರಳಿದರು. "ಹಂಗಾದ್ರ ನಾನೂ ಕೇಳಬಹುದಿತ್ತು" ಎಂದರು. ಮಾರನೆಯ ದಿನ ಬೆಳಿಗ್ಗೆ ತೀರಿಕೊಂಡರು.

ಅಮ್ಮ ಈಗ ನನ್ನ ಜೊತೆಗಿದ್ದಾಳೆ, ಬದುಕಿದ್ದಾಳೆ. ಅದು ಕಾಕಾರ ಋಣ, ತೀರುವಂಥದ್ದಲ್ಲ. ಆದರೆ ಅವತ್ತು ಬಹಳ ಜಗ್ಗಾಡಿದರು ಕಾಕಾ, ಸಾಕುಸಾಕು ಮಾಡಿದರು ಎಂದು ನಾನೊಂದು ಸುಳ್ಳು ಹೇಳಬಹುದಿತ್ತು. ಆ ಹೊತ್ತಿಗೆ ಅದು ನನಗೆ ಹೊಳೆಯಲೇ ಇಲ್ಲ.